ಕ್ರಾಸ್‌ಬೋ ಸ್ಕೋಪ್: 20 ಗಜದಿಂದ 50 ಗಜದವರೆಗೆ ಗುರಿ ಕೂಡಿಸುವ ಬಗೆ

ಕ್ರಾಸ್‌ಬೋ ಅಂದರೆ ಅಡ್ಡಲಾಗಿ ಹಿಡಿದು ಟ್ರಿಗರ್ ಒತ್ತಿ ಬಾಣ ಬಿಡುವ ಬಿಲ್ಲು. ಅದರ ಮೇಲೆ ಕೂರಿಸಿದ ಸ್ಕೋಪ್‌ಗೆ, ಅಂದರೆ ಗುರಿ ನೋಡುವ ದುರ್ಬೀನಿಗೆ, ಕಣ್ಣಿಟ್ಟರೆ ಮೇಲಿನಿಂದ ಕೆಳಕ್ಕೆ ನಾಲ್ಕೈದು ಅಡ್ಡಗೀಟುಗಳು ಕಾಣುತ್ತವೆ. ಮೇಲಿನದು 20 ಗಜಕ್ಕೆ, ಅದರ ಕೆಳಗಿನವು 30, 40, 50 ಗಜಕ್ಕೆ ಎಂದು ಕೈಪಿಡಿ ಹೇಳುತ್ತದೆ. 20 ಗಜದಲ್ಲಿ ಬಾಣ ಚುಕ್ಕೆಗೆ ನೆಟ್ಟಿತೆಂದರೆ ಕೆಲಸ ಮುಗಿಯಿತೆಂದು ಬಹಳ ಜನ ಎದ್ದುಬಿಡುತ್ತಾರೆ. ಮುಗಿದಿರುವುದು ಅರ್ಧ ಮಾತ್ರ. ಕೆಳಗಿನ ಗೀಟುಗಳು ನಿಜವಾಗಿ ಯಾವ ದೂರಕ್ಕೆ ಹೊಂದುತ್ತವೆ ಎನ್ನುವುದು ನಿಮ್ಮ ಬಾಣ ನಿಮ್ಮ ಬಿಲ್ಲಿನಿಂದ ಹೊರಡುವ ವೇಗದ ಮೇಲೆ ನಿಂತಿದೆ. ಪೆಟ್ಟಿಗೆಯ ಮೇಲೆ ಅಚ್ಚಾದ ವೇಗಕ್ಕೂ ಅದಕ್ಕೂ ಅಂತರ ಇದ್ದೇ ಇರುತ್ತದೆ.

ಈ ಸ್ಕೋಪ್‌ಗಳು ಹೆಚ್ಚಾಗಿ ಅಮೆರಿಕ, ಕೆನಡಾದ ಜಿಂಕೆ ಬೇಟೆಗಾರರಿಗಾಗಿ ತಯಾರಾಗುವುದರಿಂದ ದೂರವೆಲ್ಲ ಗಜದಲ್ಲಿ, ವೇಗವೆಲ್ಲ ಸೆಕೆಂಡಿಗೆ ಇಷ್ಟು ಅಡಿ ಎಂಬ ಲೆಕ್ಕದಲ್ಲಿ ಇರುತ್ತದೆ. ಒಂದು ಗಜ ಅಂದರೆ 3 ಅಡಿ, 0.9144 ಮೀಟರ್. ಹಾಗಾಗಿ 20 ಗಜ 18.3 ಮೀಟರ್, 30 ಗಜ 27.4, 40 ಗಜ 36.6, 50 ಗಜ 45.7 ಮೀಟರ್. ಬಿಲ್ಲುಗಾರಿಕೆಯ ಒಳಾಂಗಣ ಅಂಕಣದಲ್ಲಿ ಹಾಕಿರುವ 18 ಮೀಟರ್ ಗೆರೆ 19.7 ಗಜವಾಗುತ್ತದೆ, 20 ಗಜದ ಕೆಲಸಕ್ಕೆ ಅದು ಧಾರಾಳವಾಗಿ ಸಾಕು. ಆದರೆ 30 ಮೀಟರ್ ಗೆರೆಯನ್ನು 30 ಗಜವೆಂದು ಎಣಿಸಬೇಡಿ, ಅದು 32.8 ಗಜ. 50 ಮೀಟರ್ ಅಂದರೆ 54.7 ಗಜ. ಹೊರಗಿನ ಅಂಕಣದಲ್ಲಿ ಟೇಪು ಹಿಡಿದು ಗಜದ ಗುರುತುಗಳನ್ನು ನೀವೇ ಹಾಕಿಕೊಳ್ಳಿ.

ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಬೇಟೆ ಅಪರಾಧ. ಆ ಕಾಯ್ದೆ ಆಯುಧ ಎಂದು ಹೆಸರಿಸಿರುವವುಗಳಲ್ಲಿ ಬಿಲ್ಲು ಬಾಣವೂ ಸೇರಿದೆ. ಇಲ್ಲಿ ಕ್ರಾಸ್‌ಬೋ ಏನಿದ್ದರೂ ಅಂಕಣದ ಗುರಿಹಲಗೆಗೆ ಮಾತ್ರ. ಅಮೆರಿಕದಲ್ಲಿರುವವರು ತಮ್ಮ ರಾಜ್ಯದ ಋತು, ಪರವಾನಗಿ, ಕ್ರಾಸ್‌ಬೋ ನಿಯಮಗಳನ್ನು ಮೊದಲೇ ಓದಿಕೊಳ್ಳಬೇಕು. ಒಂದೊಂದು ರಾಜ್ಯದ್ದೂ ಒಂದೊಂದು ರೀತಿ.

ಬಾಣ ಬಿಡುವ ಮೊದಲು

ಸ್ಕೋಪ್ ಅಲುಗಾಡುತ್ತಿದ್ದರೆ ಮುಂದಿನ ಕೆಲಸವೆಲ್ಲ ನೀರಿನಲ್ಲಿ ಹೋಮ. ಸ್ಕೋಪ್ ಹಿಡಿದಿರುವ ಉಂಗುರಗಳ ತಿರುಪುಗಳನ್ನು ಒಂದೇ ಬದಿಯಿಂದ ಬಿಗಿಯುತ್ತ ಹೋಗದೆ ಎದುರುಬದುರಾಗಿ, ಸ್ವಲ್ಪ ಸ್ವಲ್ಪವಾಗಿ ಬಿಗಿಯಿರಿ. ಸಾಮಾನ್ಯವಾಗಿ 15ರಿಂದ 18 ಇಂಚು-ಪೌಂಡ್ ಬಿಗಿ ಸಾಕು, ನಿಮ್ಮ ಕೈಪಿಡಿ ಬೇರೆ ಅಂಕಿ ಕೊಟ್ಟಿದ್ದರೆ ಅದೇ ಸರಿ. ಅತಿಯಾಗಿ ಬಿಗಿದರೆ ಕೊಳವೆ ನೆಗ್ಗಿ ಒಳಗಿನ ಹೊಂದಾಣಿಕೆ ಸಿಕ್ಕಿಕೊಳ್ಳುತ್ತದೆ.

ಬಿಗಿಯುವ ಮುನ್ನ ನೇರ ನೋಡಿಕೊಳ್ಳಬೇಕು. 20 ಗಜದಾಚೆ ಒಂದು ತೂಗುಗುಂಡು ಇಳಿಬಿಡಿ. ಬಿಲ್ಲಿನ ರೈಲಿನ (ಬಾಣ ಕೂರುವ ಉದ್ದನೆಯ ಹಳಿಯ) ಮೇಲೆ ಅಡ್ಡಲಾಗಿ ಸಣ್ಣ ರಸಮಟ್ಟ ಇಟ್ಟು, ಗುಳ್ಳೆ ನಡುವೆ ನಿಂತಾಗ ಸ್ಕೋಪ್‌ನ ಲಂಬಗೀಟು ಆ ದಾರದ ಮೇಲೆ ಸರಿಯಾಗಿ ಕೂರುವ ಹಾಗೆ ಸ್ಕೋಪ್ ತಿರುಗಿಸಿ. 20 ಗಜದಲ್ಲಿ ಇದರ ತಪ್ಪು ಕಾಣುವುದೇ ಇಲ್ಲ, ದೂರ ಹೋದಂತೆ ಕಾಣಿಸಿಕೊಳ್ಳುತ್ತದೆ. ಗುರಿ ಹಿಡಿಯುವಾಗ ಬಿಲ್ಲನ್ನು 5 ಡಿಗ್ರಿಯಷ್ಟು ಬಲಕ್ಕೆ ವಾಲಿಸಿದರೂ ಅಷ್ಟೇ: ಸೆಕೆಂಡಿಗೆ 350 ಅಡಿ ವೇಗದ ಬಾಣ 40 ಗಜದಲ್ಲಿ ಸುಮಾರು 2 ಇಂಚು ಬಲಕ್ಕೆ ಹೋಗುತ್ತದೆ.

ನಾಲ್ಕಾರು ಬಾಣ ಆರಿಸಿ ಮಾರ್ಕರ್‌ನಿಂದ ನಂಬರು ಬರೆಯಿರಿ. ಚಿನ್ನ ತೂಗುವ ಪುಟ್ಟ ಡಿಜಿಟಲ್ ತಕ್ಕಡಿ ಸಿಕ್ಕರೆ ಮೊನೆಯ ಸಮೇತ ಒಂದೊಂದನ್ನೂ ತೂಗಿ. ಬಾಣದ ತೂಕವನ್ನು ಗ್ರೇನ್ ಎಂಬ ಅಳತೆಯಲ್ಲಿ ಹೇಳುತ್ತಾರೆ: 400 ಗ್ರೇನ್ ಅಂದರೆ 25.9 ಗ್ರಾಂ, 10 ಗ್ರೇನ್ ಅಂದರೆ ಸುಮಾರು 0.65 ಗ್ರಾಂ. ಹತ್ತು ಗ್ರೇನ್‌ಗಿಂತ ಹೆಚ್ಚು ಭಾರದ ವ್ಯತ್ಯಾಸ ಇರುವ ಬಾಣವನ್ನು ಗುರಿ ಕೂಡಿಸುವ ಕೆಲಸದಿಂದ ದೂರವಿಡಿ. ಬಾಣದ ಹಿಂಬದಿಯಲ್ಲಿ ಹೆದೆಗೆ ತಾಗುವ ತುಂಡು, ಅಂದರೆ ನಾಕ್ ಕೂಡ ತಯಾರಕರು ಹೇಳಿದ ಬಗೆಯದೇ ಇರಬೇಕು. ಚಪ್ಪಟೆ, ಅರ್ಧಚಂದ್ರ, ಹೆದೆಯನ್ನು ಕಚ್ಚಿ ಹಿಡಿಯುವಂಥದ್ದು ಎಂದು ಬೇರೆ ಬೇರೆ ಬಗೆಗಳಿವೆ. ಹೊಂದದ ನಾಕ್ ಹಾಕಿದರೆ ಹೆದೆ ಬಾಣದ ಮೇಲೆ ಹಾರಿಯೋ ಕೆಳಗೆ ಜಾರಿಯೋ ಹೋಗಬಹುದು. ಆಗ ಬಿಲ್ಲು ಬಾಣವಿಲ್ಲದೆ ಹೊಡೆದಂತೆ ಆಗಿ ಬಿಲ್ಲಿನ ತೋಳುಗಳು (ಎರಡು ಬದಿಗೆ ಬಾಗುವ ಪಟ್ಟಿಗಳು) ಸೀಳುತ್ತವೆ.

ಹೊಡೆಯುವ ಜಾಗದ ವಿಚಾರ: ಹಿಂದೆ ಮಣ್ಣಿನ ದಿಬ್ಬವೋ ಗಟ್ಟಿ ತಡೆಯೋ ಇರಲಿ, ಕ್ರಾಸ್‌ಬೋ ವೇಗವನ್ನು ತಡೆಯುವುದೆಂದು ಬರೆದಿರುವ ದಪ್ಪ ಫೋಮ್ ಗುರಿಯನ್ನೇ ಬಳಸಿ. ಮಾಮೂಲಿ ಬಿಲ್ಲಿಗೆ ಮಾಡಿದ ಹುಲ್ಲಿನ ಗುರಿಯನ್ನು ಈ ಬಾಣ ಹಾದುಹೋಗುತ್ತದೆ. ಗಟ್ಟಿಯಾದ ಮೇಜು, ಕುರ್ಚಿ, ಮುಂಬದಿಗೆ ಒಂದು ಮರಳಿನ ಚೀಲ ಬೇಕು. ಚೀಲವನ್ನು ಬಿಲ್ಲಿನ ಮುಂಗೈ ಹಿಡಿಯುವ ಭಾಗದ ಕೆಳಗಿಡಿ. ತೋಳುಗಳ ಕೆಳಗೂ ಪಕ್ಕದಲ್ಲೂ ಏನೂ ತಾಕಬಾರದು, ಬಾಣ ಬಿಟ್ಟ ಕ್ಷಣ ಅವು ಹೊರಕ್ಕೆ ಬಿಚ್ಚಿಕೊಳ್ಳುತ್ತವೆ.

ಹೆದೆ ಎಳೆಯುವುದರಲ್ಲೇ ಅರ್ಧ ಗುರಿ ಇದೆ

ಗುರಿ ತಪ್ಪಿದಾಗ ಎಲ್ಲರೂ ಸ್ಕೋಪ್ ತಿರುಗಿಸಲು ಹೋಗುತ್ತಾರೆ. ಬಹಳ ಸಲ ತಪ್ಪಿರುವುದು ಹೆದೆಯ ಮಧ್ಯ. ಬರಿಗೈಯಲ್ಲಿ ಎಳೆದಾಗ ಬಲಗೈ ಸ್ವಲ್ಪ ಜಾಸ್ತಿ ಎಳೆಯುತ್ತದೆ, ಹೆದೆ ಒಂದು ನೂಲಿನಷ್ಟು ಪಕ್ಕಕ್ಕೆ ಸರಿದು, ಎಳೆದ ಹೆದೆಯನ್ನು ಹಿಡಿದಿಡುವ ಲಾಚ್‌ಗೆ ಸಿಕ್ಕಿಕೊಳ್ಳುತ್ತದೆ. ಒಂದು ತೋಳು ಇನ್ನೊಂದಕ್ಕಿಂತ ಹೆಚ್ಚು ತಳ್ಳಿದ ಹಾಗಾಗಿ ಬಾಣ ಗುರಿಯಲ್ಲಿ ಇಂಚುಗಟ್ಟಲೆ ಪಕ್ಕಕ್ಕೆ ಬೀಳುತ್ತದೆ. ಮುಂದಿನ ಸಲ ಎಡಗೈ ಎಳೆಯುತ್ತದೆ, ಬಾಣ ಇನ್ನೊಂದು ಬದಿಗೆ ಹೋಗುತ್ತದೆ. ಇದನ್ನು ಯಾವ ಸ್ಕೋಪೂ ಸರಿಮಾಡಲಾರದು.

ಮದ್ದು ಸುಲಭ. ಹೆದೆ ಎಳೆಯದೆ ಸುಮ್ಮನಿರುವಾಗ ರೈಲಿನ ಎರಡೂ ಅಂಚು ಹೆದೆಗೆ ತಾಕುವ ಜಾಗದಲ್ಲಿ ಬಿಳಿ ಅಥವಾ ಬೆಳ್ಳಿ ಬಣ್ಣದ ಮಾರ್ಕರ್‌ನಿಂದ ಸಣ್ಣ ಗೆರೆ ಎಳೆಯಿರಿ. ಪ್ರತಿ ಸಲ ಎಳೆದ ಮೇಲೆ ಆ ಎರಡು ಗೆರೆಗಳು ರೈಲಿನ ಅಂಚುಗಳಿಗೆ ಸಮನಾಗಿ ಕೂತಿವೆಯೇ ನೋಡಿ. ಎಳೆಯುವ ಹಗ್ಗ ಅಥವಾ ಹಿಡಿ ತಿರುಗಿಸಿ ಎಳೆಯುವ ಕ್ರ್ಯಾಂಕ್ ಬಳಸಿ, ಗುರಿ ಕೂಡಿಸುವಾಗ ಯಾವುದನ್ನು ಬಳಸಿದಿರೋ ಆಮೇಲೂ ಅದನ್ನೇ ಬಳಸಿ. ಹಗ್ಗದ ಕೊಕ್ಕೆಗಳು ರೈಲಿಗೆ ಒತ್ತಿಕೊಂಡು ಕೂತಿರಬೇಕು. ಕಾಲಿಡುವ ಕಬ್ಬಿಣದ ಬಳೆಯೊಳಗೆ ಪಾದ ಪೂರ್ತಿ ತೂರಿರಲಿ, ಎರಡೂ ಕೈ ಒಂದೇ ಬೀಸಿಗೆ ಮೇಲೇಳಲಿ. ಲಾಚ್ ಟಕ್ ಎಂದು ಕಚ್ಚಿದ ಸದ್ದು ಕೇಳುವ ತನಕ ಬಿಡಬೇಡಿ.

ಬಾಣ ಇಡುವುದು ಮೇಜಿನ ಮುಂದೆ ಕುಳಿತ ಮೇಲೆ, ಬಿಲ್ಲಿನ ಮೂತಿ ಗುರಿಯ ಕಡೆ ಇರುವಾಗ. ಬಾಣದ ಹಿಂಬದಿಯ ರೆಕ್ಕೆಗಳಲ್ಲಿ ಬೇರೆ ಬಣ್ಣದ್ದನ್ನು ರೈಲಿನ ತೋಡಿಗೆ ಕೂರಿಸಿ, ನಾಕ್ ಹೆದೆಗೆ ತಾಗುವವರೆಗೆ ಹಿಂದಕ್ಕೆ ತಳ್ಳಿ. ಮುಂಗೈಯ ಹೆಬ್ಬೆರಳು, ಬೆರಳುಗಳು ರೈಲಿನ ಮಟ್ಟಕ್ಕಿಂತ ಕೆಳಗೇ ಇರಬೇಕು. ಹೆದೆ ಹಾದುಹೋಗುವ ದಾರಿಗೆ ಬಂದ ಹೆಬ್ಬೆರಳು ಉಳಿಯುವುದಿಲ್ಲ. ಬಾಣವಿಲ್ಲದೆ ಟ್ರಿಗರ್ ಒತ್ತುವಂತಿಲ್ಲ, ಒಂದೇ ಒಂದು ಸಲವೂ.

20 ಗಜದ ಗುರಿ

ಹೊಸ ಸ್ಕೋಪ್ ಆದರೆ 10 ಗಜದಿಂದ ಶುರುಮಾಡಿ, ಗುರಿಯನ್ನೇ ದಾಟಿ ಬಾಣ ಕಳೆದುಕೊಳ್ಳುವ ಭಯ ಇರುವುದಿಲ್ಲ. ಇದಕ್ಕೊಂದು ಒಳ್ಳೆಯ ಕಾರಣವೂ ಇದೆ. ಸ್ಕೋಪ್ ಬಾಣಕ್ಕಿಂತ ಸುಮಾರು 3 ಇಂಚು ಮೇಲಿದ್ದು, ವೇಗ 350 ಅಡಿ ಇದ್ದು, 20 ಗಜಕ್ಕೆ ಗುರಿ ಕೂಡಿಸಿದ ಬಿಲ್ಲು 10 ಗಜದಲ್ಲೂ ಹೆಚ್ಚುಕಡಿಮೆ ಅದೇ ಚುಕ್ಕೆಗೆ ಹೊಡೆಯುತ್ತದೆ. ಬಾಣ ಕೆಳಗಿನಿಂದ ಏರಿ 10ರ ಹತ್ತಿರ ದೃಷ್ಟಿರೇಖೆ ಮುಟ್ಟಿ, 20ರಲ್ಲಿ ಇಳಿಯುವಾಗ ಮತ್ತೆ ಅದನ್ನು ಮುಟ್ಟುತ್ತದೆ. ಹೀಗಾಗಿ 10 ಗಜದಲ್ಲಿ ಚುಕ್ಕೆಗೆ ಬಿದ್ದರೆ 20ರಲ್ಲಿ ಬರೇ ಸಣ್ಣ ತಿದ್ದುಪಡಿ ಉಳಿಯುತ್ತದೆ. 5 ಗಜದಷ್ಟು ಹತ್ತಿರದಲ್ಲಿ ಮಾತ್ರ ಇಂಚಿಗಿಂತ ಸ್ವಲ್ಪ ಹೆಚ್ಚು ಕೆಳಗೆ ಬೀಳುತ್ತದೆ.

ಮೇಲಿನ ಅಡ್ಡಗೀಟಿನಲ್ಲೇ ಗುರಿ ಹಿಡಿಯಿರಿ. ಎಷ್ಟೋ ಜನ ಅಭ್ಯಾಸಬಲದಿಂದ ಗಾಜಿನ ನಡುವಿನ ಗೀಟಿಗೆ ಹೋಗಿ, ಆಮೇಲೆ ಎಲ್ಲ ದೂರವೂ ಕೆಟ್ಟಿತೆಂದು ಪರದಾಡುತ್ತಾರೆ. ಮೂರು ಬಾಣ ಬಿಡಿ, ಒಂದೊಂದಕ್ಕೂ ಬೇರೆ ಚುಕ್ಕೆ. ಒಂದೇ ಚುಕ್ಕೆಗೆ ಮೂರು ಹೊಡೆದರೆ ಎರಡನೆಯ ಬಾಣ ಮೊದಲಿನದರ ನಾಕ್ ಸೀಳುತ್ತದೆ. ಪ್ರತಿ ಬಾಣ ಅದರ ಚುಕ್ಕೆಯಿಂದ ಎಷ್ಟು ಆಚೆ ಬಿತ್ತೆಂದು ಅಳೆದು, ಮೂರರ ಸರಾಸರಿ ತೆಗೆಯಿರಿ. ಒಂದು ಬಾಣ ನೋಡಿ ಗುಂಡಿ ತಿರುಗಿಸುವುದು ತಪ್ಪಿನ ಬೆನ್ನು ಹತ್ತುವ ಕೆಲಸ.

ಮುಚ್ಚಳ ಬಿಚ್ಚಿದರೆ ಮೇಲಿನ ಗುಂಡಿ ಮೇಲೆ-ಕೆಳಗೆ, ಪಕ್ಕದ್ದು ಎಡ-ಬಲ. ಗುಂಡಿಯ ಬಾಣಗುರುತು ಬಾಣ ಬೀಳುವ ಜಾಗ ಎತ್ತ ಹೋಗಬೇಕೋ ಅತ್ತ ತೋರಿಸುತ್ತದೆ. ಬಾಣ ಕೆಳಗೆ ಬಿದ್ದರೆ ‘ಮೇಲೆ’ ಕಡೆಗೆ ತಿರುಗಿಸಬೇಕು. ಗುಂಡಿಯ ಮೇಲೆ ಕಾಲು ಎಂಒಎ (ಕೋನದ ಅಳತೆ, ಡಿಗ್ರಿಯ ಅರವತ್ತನೇ ಒಂದು ಭಾಗ) ಎಂದಿದ್ದರೆ ಒಂದು ಕ್ಲಿಕ್ ಬಾಣವನ್ನು 100 ಗಜದಲ್ಲಿ ಕಾಲು ಇಂಚು ಸರಿಸುತ್ತದೆ. 20 ಗಜದಲ್ಲಿ ಅದು ಇಂಚಿನ ಇಪ್ಪತ್ತನೇ ಒಂದು ಭಾಗ. ಅಂದರೆ 20 ಗಜದಲ್ಲಿ ಒಂದು ಇಂಚಿಗೆ 20 ಕ್ಲಿಕ್, 10 ಗಜದಲ್ಲಿ ಒಂದು ಇಂಚಿಗೆ 40 ಕ್ಲಿಕ್. ಅರ್ಧ ಎಂಒಎ ಸ್ಕೋಪ್ ಆದರೆ ಇದರ ಅರ್ಧ. ಮೂರು ಬಾಣಗಳ ಸರಾಸರಿ 3 ಇಂಚು ಕೆಳಗೆ, 1 ಇಂಚು ಎಡಕ್ಕೆ ಇದ್ದರೆ 60 ಕ್ಲಿಕ್ ಮೇಲಕ್ಕೆ, 20 ಕ್ಲಿಕ್ ಬಲಕ್ಕೆ. ಈ ಲೆಕ್ಕ ಗೊತ್ತಿಲ್ಲದವರು ನಾಲ್ಕೈದು ಕ್ಲಿಕ್ ತಿರುಗಿಸಿ, ಬಾಣ ಅಲ್ಲೇ ಬಿದ್ದದ್ದು ಕಂಡು, ಸ್ಕೋಪ್ ಕೆಟ್ಟಿದೆ ಎಂದುಕೊಳ್ಳುತ್ತಾರೆ.

ತಿರುಗಿಸಿದ ಮೇಲೆ ಇನ್ನೂ ಮೂರು ಬಾಣ. ಮೇಜಿನ ಮೇಲಿಂದ ಹೊಡೆದಾಗ 20 ಗಜದಲ್ಲಿ ಮೂರೂ 2 ಇಂಚಿನ ವೃತ್ತದೊಳಗೆ ಬರಬೇಕು. ಬರದಿದ್ದರೆ ಮುಂದೆ ಹೋಗಬೇಡಿ, ಚದುರಲು ಕಾರಣ ಏನೆಂದು ಹುಡುಕಿ.

ಉಳಿದ ಗೀಟುಗಳು ಸುಳ್ಳು ಹೇಳುವುದು ಏಕೆ

ಗಾಳಿಯ ತಡೆ ಬಿಟ್ಟು ಬರೀ ಭೂಮಿಯ ಸೆಳೆತದ ಲೆಕ್ಕ ಹಾಕೋಣ. ಸ್ಕೋಪ್ ಬಾಣಕ್ಕಿಂತ 3 ಇಂಚು ಮೇಲೆ, 20 ಗಜಕ್ಕೆ ಗುರಿ ಕೂಡಿಸಿದೆ. 350 ಅಡಿ ವೇಗದ ಬಾಣ 30 ಗಜದಲ್ಲಿ ಸುಮಾರು 2.7 ಇಂಚು, 40ರಲ್ಲಿ 8.3, 50ರಲ್ಲಿ 16.7 ಇಂಚು ಕೆಳಗೆ ಬೀಳುತ್ತದೆ. 300 ಅಡಿ ವೇಗದ ಬಾಣಕ್ಕೆ ಅದೇ ಅಂಕಿಗಳು 4.3, 12.4, 24.5 ಇಂಚು. ನಿಜವಾದ ಹಾರಾಟದಲ್ಲಿ ಗಾಳಿಯ ತಡೆಯಿಂದ ಇನ್ನೂ ಒಂದಿಷ್ಟು ಕೆಳಗೆ.

ಈಗ ಬಿಲ್ಲು ನಿಜವಾಗಿ 300 ಬಿಡುತ್ತಿದೆ, ನೀವು ಪೆಟ್ಟಿಗೆ ನೋಡಿ ಸ್ಕೋಪ್‌ನ ವೇಗದ ಬಳೆಯನ್ನು (ಕಣ್ಣಿನ ಬದಿಯಲ್ಲಿ ವೇಗದ ಅಂಕಿ ಬರೆದಿರುವುದು) 350ಕ್ಕೆ ಇಟ್ಟಿದ್ದೀರಿ ಅನ್ನಿ. 20 ಗಜದಲ್ಲಿ ಬಾಣ ಚುಕ್ಕೆಗೇ ಬೀಳುತ್ತದೆ. 40ರ ಗೀಟಿನಲ್ಲಿ ಹಿಡಿದರೆ 4 ಇಂಚು ಕೆಳಗೆ, 50ರಲ್ಲಿ ಸುಮಾರು 8 ಇಂಚು ಕೆಳಗೆ. ಬೇಟೆಯಲ್ಲಿ ಈ 4 ಇಂಚು ಅಂದರೆ ತಕ್ಷಣ ಸಾಯದೆ ಗಾಯಗೊಂಡು ಕಾಡಿನಲ್ಲಿ ನರಳುವ ಜಿಂಕೆ. ಅದಕ್ಕಾಗಿಯೇ ದೂರದ ಗೀಟುಗಳನ್ನು ಹೊಡೆದು ಪರೀಕ್ಷಿಸದೆ ಬಳಸುವ ಹಕ್ಕು ಯಾರಿಗೂ ಇಲ್ಲ.

ಪೆಟ್ಟಿಗೆಯ ವೇಗ ಏಕೆ ಹೊಂದುವುದಿಲ್ಲ? ಆ ಅಂಕಿಯನ್ನು ಹೆಚ್ಚಾಗಿ ಹಗುರ ಬಾಣ ಹಾಕಿ ಅಳೆದಿರುತ್ತಾರೆ. 370 ಗ್ರೇನ್ ಬಾಣಕ್ಕೆ 350 ಅಡಿ ಕೊಡುವ ಬಿಲ್ಲಿಗೆ 420 ಗ್ರೇನ್ ಬಾಣ ಹಾಕಿದರೆ ವೇಗ 330ರ ಆಸುಪಾಸಿಗೆ ಇಳಿಯುತ್ತದೆ. 100 ಗ್ರೇನ್ ಮೊನೆಯ ಬದಲು 125ರದ್ದು ತಿರುಗಿಸಿದರೂ ಲೆಕ್ಕ ಬದಲಾಗುತ್ತದೆ. ಹೆದೆ ಹಳತಾಗಿ ಹಿಗ್ಗಿದರೆ ವೇಗ ಕುಗ್ಗುತ್ತದೆ.

ವೇಗದ ಬಳೆ ತಿರುಗಿಸುವುದು

ಕಣ್ಣಿನ ಬದಿಯಲ್ಲಿ 250ರಿಂದ 400ರವರೆಗೋ ಅದಕ್ಕಿಂತ ಮೇಲಕ್ಕೋ ಅಂಕಿ ಬರೆದ ಬಳೆ ಇದ್ದರೆ, ಅದು ವೇಗವನ್ನು ಅಳೆಯುವ ಯಂತ್ರವೇನಲ್ಲ, ಬರೇ ಝೂಮ್. ಗೀಟುಗಳು ಗಾಜಿನಲ್ಲಿ ಇದ್ದಷ್ಟೇ ಗಾತ್ರದಲ್ಲಿ ನಿಂತಿರುತ್ತವೆ. ಝೂಮ್ ಹೆಚ್ಚಿಸಿದಾಗ ಎದುರಿನ ದೃಶ್ಯ ಮಾತ್ರ ಹಿಗ್ಗುತ್ತದೆ, ಹಾಗಾಗಿ ಎರಡು ಗೀಟುಗಳ ನಡುವೆ ಹಿಡಿಸುವ ಜಾಗ ಕಿರಿದಾಗುತ್ತದೆ. ವೇಗದ ಬಿಲ್ಲಿಗೆ ಬಾಣದ ಇಳಿತ ಕಮ್ಮಿ, ಗೀಟುಗಳ ಅಂತರ ಕಿರಿದಾಗಬೇಕು, ಆದ್ದರಿಂದ ದೊಡ್ಡ ಅಂಕಿ. ನಿಧಾನದ ಬಿಲ್ಲಿಗೆ ಅಗಲ ಅಂತರ, ಚಿಕ್ಕ ಅಂಕಿ. ಇಷ್ಟು ತಿಳಿದರೆ ಬಳೆ ಹೇಗೆ ತಿರುಗಿಸಬೇಕೆಂದು ಬಾಯಿಪಾಠ ಮಾಡಬೇಕಿಲ್ಲ.

ಅಂದಾಜಿನ ವೇಗಕ್ಕೆ ಬಳೆ ಇಡಿ. 20 ಗಜ ಸರಿಮಾಡಿದ ಮೇಲೆ ನೇರ 50ಕ್ಕೆ ಹೋಗಿ. ಅಷ್ಟು ಜಾಗ ಇಲ್ಲದಿದ್ದರೆ 40 ಸಾಕು, 30 ಮಾತ್ರ ಸಾಲದು, ಅಲ್ಲಿ ತಪ್ಪು ಇಂಚೋ ಒಂದೂವರೆ ಇಂಚೋ ಇದ್ದು ನಿಮ್ಮ ಕೈನಡುಕದಲ್ಲೇ ಮುಚ್ಚಿಹೋಗುತ್ತದೆ. ದೂರದ ಗುರಿಯ ಮೇಲೆ ಚುಕ್ಕೆಯ ಬದಲು ಎರಡು ಬೆರಳಗಲದ ಟೇಪನ್ನು ಆಚೆಯಿಂದ ಈಚೆಗೆ ಅಡ್ಡಲಾಗಿ ಅಂಟಿಸಿ. ಈಗ ಬೇಕಿರುವುದು ಮೇಲೆ-ಕೆಳಗಿನ ಲೆಕ್ಕ ಮಾತ್ರ. ಗಾಳಿ ಬಾಣವನ್ನು ಪಕ್ಕಕ್ಕೆ ಒಯ್ದರೂ ಅಡ್ಡಟೇಪಿನ ಮೇಲೆ ಎತ್ತರ ಸ್ಪಷ್ಟವಾಗಿ ಓದಬಹುದು, ಬಾಣಗಳೂ ದೂರದೂರ ನೆಡುತ್ತವೆ.

50ರ ಗೀಟನ್ನು ಟೇಪಿನ ಮೇಲಿಟ್ಟು ಮೂರು ಬಾಣ ಬಿಡಿ. ಕೆಳಗೆ ಬಿದ್ದರೆ ಬಿಲ್ಲು ನೀವು ಅಂದುಕೊಂಡದ್ದಕ್ಕಿಂತ ನಿಧಾನ, ಬಳೆಯನ್ನು ಚಿಕ್ಕ ಅಂಕಿಯತ್ತ ತಿರುಗಿಸಿ. ಮೇಲೆ ಬಿದ್ದರೆ ದೊಡ್ಡ ಅಂಕಿಯತ್ತ. ಒಂದು ಸಲಕ್ಕೆ 5ರಿಂದ 10 ಅಡಿ ವೇಗದಷ್ಟು ಸರಿಸಿದರೆ ಸಾಕು. ಇಲ್ಲಿ ಮೇಲಿನ ಗುಂಡಿಯನ್ನು ಮುಟ್ಟಲೇಬಾರದು. ಮುಟ್ಟಿದರೆ 20ರ ಗುರಿ ಕೆಡುತ್ತದೆ, ಮತ್ತೆ ಮೊದಲಿನಿಂದ.

50 ಸರಿಹೋದ ಮೇಲೆ 20ಕ್ಕೆ ವಾಪಸು ಬಂದು ಮೂರು ಬಾಣ ಬಿಟ್ಟು ನೋಡಿ. ಕೆಲವು ಸ್ಕೋಪ್‌ಗಳಲ್ಲಿ ಮೇಲಿನ ಗೀಟು ಗಾಜಿನ ನಟ್ಟನಡುವೆ ಇರುವುದಿಲ್ಲ, ಝೂಮ್ ಬದಲಾದಾಗ ಅದೂ ಸ್ವಲ್ಪ ಜರುಗುತ್ತದೆ. ಜರುಗಿದ್ದರೆ ಗುಂಡಿಯಲ್ಲಿ ತಿದ್ದಿ, ಮತ್ತೆ 50. ಎರಡು ಸುತ್ತಿನಲ್ಲಿ ಎರಡೂ ಕೂಡಿಕೊಳ್ಳುತ್ತವೆ. ಎರಡು ತುದಿ ಸರಿಯಾದರೆ ನಡುವಿನ 30, 40 ತಾವಾಗಿ ಸರಿಬರುತ್ತವೆ, ಆದರೂ ತಲಾ ಮೂರು ಬಾಣ ಬಿಟ್ಟು ಖಚಿತ ಮಾಡಿಕೊಳ್ಳಿ.

ಕೊನೆಗೆ ಬಳೆ ನಿಂತ ಅಂಕಿ ಬಿಲ್ಲಿನ ನಿಜವಾದ ವೇಗಕ್ಕೆ ಸಮ ಆಗಲೇಬೇಕೆಂದಿಲ್ಲ. ವೇಗ ಅಳೆಯುವ ಯಂತ್ರ ಕ್ರೋನೋಗ್ರಾಫ್ 328 ತೋರಿಸಿ ಬಳೆ 320ರಲ್ಲಿ ಹೊಂದಿದರೆ 320 ಸರಿ. ಗುರಿಹಲಗೆಯ ಮಾತೇ ಕೊನೆಯ ಮಾತು. ಆ ಜಾಗಕ್ಕೆ ಬಳೆಯ ಮೇಲೂ ಕೊಳವೆಯ ಮೇಲೂ ಎದುರುಬದುರು ಒಂದು ಬಿಳಿ ಗೆರೆ ಎಳೆದು, ಮೇಲೆ ತೆಳ್ಳನೆಯ ಟೇಪು ಸುತ್ತಿಬಿಡಿ. ದೊಡ್ಡದಾಗಿ ಕಾಣಲೆಂದು ಯಾರಾದರೂ ಝೂಮ್ ತಿರುಗಿಸಿದರೆ ಕೆಳಗಿನ ಗೀಟುಗಳೆಲ್ಲ ಕೆಡುತ್ತವೆ.

ಝೂಮ್ ಇಲ್ಲದ, ಗೀಟುಗಳು ಮಾತ್ರ ಇರುವ ಸ್ಕೋಪ್ ನಿಮ್ಮದಾದರೆ ಗೀಟನ್ನು ದೂರಕ್ಕೆ ಹೊಂದಿಸಲಾಗದು, ದೂರವನ್ನೇ ಗೀಟಿಗೆ ಹುಡುಕಬೇಕು. ಮೇಲಿನದನ್ನು 20ಕ್ಕೆ ಕೂಡಿಸಿ. ಎರಡನೆಯ ಗೀಟು ಹಿಡಿದು ಅಡ್ಡಟೇಪಿಗೆ 25 ಗಜದಿಂದ ಹೊಡೆಯಿರಿ. ಮೇಲೆ ಬಿದ್ದರೆ ಒಂದೊಂದೇ ಗಜ ಹಿಂದೆ ಸರಿಯುತ್ತ ಹೋಗಿ, ಬಾಣ ಟೇಪಿಗೆ ಬಿದ್ದ ಜಾಗವೇ ಅದರ ದೂರ. ನಿಮ್ಮ ಗೀಟುಗಳು 20, 28, 36, 43 ಆಗಿ ಬರಬಹುದು. ಅಂಕಿ ಚೆಂದವಾಗಿ ಇರದಿದ್ದರೂ ನಿಜವಾಗಿರುತ್ತದೆ. ಅದನ್ನು ಬಿಲ್ಲಿನ ಹಿಡಿಗೆ ಅಂಟಿಸಿಕೊಳ್ಳಿ.

ಚದುರಿದ ಬಾಣಗಳನ್ನು ಓದುವುದು

ಬಾಣಗಳು ಎಡ-ಬಲ ಹರಡಿದರೆ ಮೊದಲು ಹೆದೆಯ ಗೆರೆಗಳನ್ನು, ಆಮೇಲೆ ಟ್ರಿಗರ್ ಒತ್ತುವ ಬೆರಳನ್ನು ನೋಡಿ. ಮೇಲೆ-ಕೆಳಗೆ ಹರಡಿದರೆ ಬಾಣ ಹೆದೆಗೆ ತಾಗುವವರೆಗೆ ಹಿಂದೆ ಕೂತಿರಲಿಲ್ಲವೋ, ತೂಕ ಒಂದೇ ಇಲ್ಲವೋ, ಮರಳಿನ ಚೀಲ ಪ್ರತಿ ಸಲ ಬೇರೆ ಜಾಗಕ್ಕೆ ತಾಕುತ್ತಿದೆಯೋ ಎಂದು ನೋಡಿ. ಯಾವಾಗಲೂ 4ನೇ ನಂಬರೇ ಆಚೆ ಬೀಳುತ್ತಿದ್ದರೆ ಆ ಬಾಣವನ್ನು ಉಗುರಿನ ಮೇಲೆ ತಿರುಗಿಸಿ ನೋಡಿ, ಮೊನೆ ಅದುರುತ್ತಿದ್ದರೆ ಬಾಗಿದೆ. 20ರಲ್ಲಿ ನಡುವೆ, 30ರಲ್ಲಿ ಸ್ವಲ್ಪ ಬಲಕ್ಕೆ, 40ರಲ್ಲಿ ಇನ್ನೂ ಬಲಕ್ಕೆ ಎಂದು ಕ್ರಮವಾಗಿ ಜಾರುತ್ತಿದ್ದರೆ ಸ್ಕೋಪೋ ಬಿಲ್ಲೋ ವಾಲಿದೆ. ಎಡ-ಬಲದ ಗುಂಡಿ ತಿರುಗಿಸಿ ಅದನ್ನು ಮುಚ್ಚಬೇಡಿ, ತೂಗುಗುಂಡಿನ ಕೆಲಸ ಮತ್ತೆ ಮಾಡಿ. ಇಡೀ ಗುಂಪೇ ಬೆಳಿಗ್ಗೆ ಒಂದು ಕಡೆ, ಮಧ್ಯಾಹ್ನ ಇನ್ನೊಂದು ಕಡೆ ಬಿದ್ದರೆ ತಿರುಪು ಸಡಿಲವಾಗಿದೆ.

ಅಮೆರಿಕದಲ್ಲಿ ಬೇಟೆಗೆ ಹೋಗುವವರಿಗೆ ಇನ್ನೊಂದು ಸುತ್ತು ಬಾಕಿ. ಅಗಲ ಅಲಗಿನ ಮೊನೆ ಹಾಕಿದಾಗ ಅಲಗು ಗಾಳಿಯನ್ನು ಹಿಡಿದು ಬಾಣವನ್ನು ಬೇರೆಡೆಗೆ ಒಯ್ಯಬಹುದು. ಅಭ್ಯಾಸದ ಮೊನೆಯಷ್ಟೇ ತೂಕದ ಅಲಗುಮೊನೆ ಹಾಕಿ, ಅದಕ್ಕೆ ತಾಳುವ ಗುರಿಗೆ ಎಲ್ಲ ದೂರದಲ್ಲೂ ಹೊಡೆದು, ಕೊನೆಯ ತಿದ್ದುಪಡಿಯನ್ನು ಅದರಲ್ಲೇ ಮಾಡಿ. ದೂರವನ್ನು ಕಣ್ಣಂದಾಜಿನಲ್ಲಿ ಬಿಡದೆ ರೇಂಜ್‌ಫೈಂಡರ್‌ನಿಂದ ಅಳೆಯಿರಿ. 45 ಗಜದಲ್ಲಿರುವುದನ್ನು 40 ಎಂದು ತಿಳಿದು ಹೊಡೆದರೆ 350 ಅಡಿ ವೇಗದ ಬಾಣವೂ ಸುಮಾರು 3 ಇಂಚು ಕೆಳಗೆ ಬೀಳುತ್ತದೆ. 20 ಅಡಿ ಎತ್ತರದ ಮರದಟ್ಟಣೆಯಿಂದ 20 ಗಜಕ್ಕೆ ಕೆಳಮುಖ ಹೊಡೆದರೆ ನೆಲದ ದೂರ 18.9 ಗಜ, ಅಷ್ಟಕ್ಕೆ ಬೇರೆ ಗೀಟು ಬೇಕಿಲ್ಲ.

ದಿನ ಮುಗಿದಾಗ ಬಿಲ್ಲಿನ ಹೆದೆ ಇಳಿಸಲು, ತಯಾರಕರು ಕ್ರ್ಯಾಂಕ್‌ನಿಂದ ಇಳಿಸಬಹುದೆಂದು ಹೇಳಿರದಿದ್ದರೆ, ಒಂದು ಹಳೆಯ ಬಾಣವನ್ನು ಗುರಿಗೆ ಹೊಡೆದೇ ಇಳಿಸಬೇಕು. ಹೆದೆಗೆ ಮೇಣ ತಿಕ್ಕಿ, ಹೆದೆ ಉಜ್ಜುವ ರೈಲಿಗೆ ತಯಾರಕರು ಹೇಳಿದ ಎಣ್ಣೆ ಒಂದೆರಡು ಹನಿ ಸವರಿ. ಒಂದು ಕಾರ್ಡಿನಲ್ಲಿ ಬಾಣದ ತೂಕ, ಮೊನೆಯ ತೂಕ, ಬಳೆಯ ಅಂಕಿ, ಪ್ರತಿ ಗೀಟಿನ ದೂರ, ತಾರೀಖು ಬರೆದು ಬಿಲ್ಲಿನ ಚೀಲದಲ್ಲಿಡಿ. ಹೆದೆ ಬದಲಿಸಿದಾಗ, ಬೇರೆ ಬಾಣ ತಂದಾಗ, ಬಿಲ್ಲು ಕೈಜಾರಿ ಬಿದ್ದಾಗ ಕಾರ್ಡು ಹಿಡಿದು ಮೊದಲು 20, ಆಮೇಲೆ 50 ಗಜಕ್ಕೆ ಮೂರು ಮೂರು ಬಾಣ ಬಿಟ್ಟು ನೋಡಿ. ಬದಲಾಗಿದ್ದರೆ ಹಳೆಯ ಕಾರ್ಡು ಹರಿದು ಹೊಸದು ಬರೆಯಿರಿ.